ಕಡಲು ಕಂಡರಾಗದ ಅಕ್ಕೋರು

ದೋಣಿ ಇನ್ನೂ ದಡದ ಗೂಟಕ್ಕೆ ಕಟ್ಟಿಯೇ ಇರುತ್ತಿತ್ತು. ಅಷ್ಟರಲ್ಲೇ ವನಮಾಲಾ ಅಕ್ಕೋರಿಗೆ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಸೆರಗಿನ ತುದಿಯ ಗಂಟು ಬಿಚ್ಚಿ ತಮ್ಮೂರು ಇಂಡಿಯ ನಿಂಬೆಹಣ್ಣೊಂದನ್ನು ತೆಗೆದು, ಚಾಕು ಗೀಕು ಎನ್ನದೆ ಹಲ್ಲಿನಿಂದಲೇ ಕಚ್ಚಿ, ಮೂಗಿಗೊಮ್ಮೆ ನಾಲಿಗೆಗೊಮ್ಮೆ ಹಿಡಿಯುತ್ತಿದ್ದರು. ಆಮೇಲೆ, ನಕಲು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ನೋಡುವ ಹಾಗೆ ಅರಬ್ಬೀ ಸಮುದ್ರವನ್ನು ನೋಡಿ, "ಇದಕ್ಕ ಒಂದ ಕಡೆ ಸುಮ್ಮನ ನಿಂದ್ರಾಕ ಏನ್ ಧಾಡಿ?" ಎನ್ನುತ್ತಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ಉಪ್ಪುಗಾಳಿ ಮೈಗೆ ಆಗುತ್ತಿರಲಿಲ್ಲ. ಮೀನಿನ ವಾಸನೆ ಬಂದರೆ ಸೆರಗು ತಾನಾಗಿಯೇ ಮೂಗಿಗೇರುತ್ತಿತ್ತು.

ಇಂಥ ಹೆಣ್ಣುಮಗಳನ್ನು ಕರೆದು, ದೇಶದ ಕರಾವಳಿಯುದ್ದಕ್ಕೂ ಏನೇನು ಜೀವಿಗಳಿವೆ, ಯಾವ ಜಾಗವನ್ನು ಮೊದಲು ಕಾಪಾಡಬೇಕು ಎಂದು ಅಳೆದು ನೋಡುವ ತಂಡದಲ್ಲಿ ಕೂರಿಸಿದ್ದರು. ಕೂರಿಸಿದವರಿಗೇನೂ ತಲೆ ಕೆಟ್ಟಿರಲಿಲ್ಲ. ಸಮುದ್ರದಂಚಿನ ಕೆಸರಿನಲ್ಲಿ ಬದುಕುವ ಹುಳುಗಳನ್ನು ಅವರಷ್ಟು ಬಲ್ಲವರು ಬಹಳ ಮಂದಿ ಇರಲಿಲ್ಲ. ಹುಳುಗಳಿಗೆ ಅಕ್ಕೋರ ಗುರುತು ಇತ್ತೋ ಇಲ್ಲವೋ ನಾನರಿಯೆ. ಅಕ್ಕೋರಂತೂ ಬೀಗರ ಮನೆಯವರನ್ನು ಗುರುತಿಸಿದಂತೆ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತಿದ್ದರು.

ಅವರು ಇಂಡಿಯವರು. ನಿಂಬೆ ತೋಟದ ಮನೆ, ಅಪ್ಪಟ ವೈಷ್ಣವ ಮನೆತನ. ಮನೆಯೊಳಗೆ ಮರಾಠಿ, ಕಟ್ಟೆ ಇಳಿದರೆ ಕನ್ನಡ. ಲೆಕ್ಕ ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಆ ಮನೆಯವರೆಲ್ಲ ಕನ್ನಡದಲ್ಲಿ 'ಇದೆ' ಎನ್ನಲು 'ಅದ' ಎನ್ನುವವರು. ಅಕ್ಕೋರು ಮಾತ್ರ ಬಸವನ ಬಾಗೇವಾಡಿಯ ಕಾಲೇಜಿಗೆ ಪಾಠ ಹೇಳಲು ಬಂದ ಮೇಲೆ ನಮ್ಮೆಲ್ಲರ ಸಹವಾಸದಿಂದ ಕೆಟ್ಟು 'ಐತಿ'ಗೆ ಇಳಿದಿದ್ದರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ, ಕಾಲೇಜಿಗೆ ಬಂದರೆ ಅವರು ಮೇಡಂ ಆಗಬೇಕು. ನಮ್ಮ ಕಾಲೇಜಿನಲ್ಲಿ ಉಳಿದವರೆಲ್ಲ ಮೇಡಂ ಆಗಿದ್ದರು. ಇವರಿಗೆ ಆ ಬಡ್ತಿಯನ್ನು ಯಾರೂ ಕೊಡಲಿಲ್ಲ, ಇವರೂ ಕೇಳಲಿಲ್ಲ.

ನಾನು ಸಿಂದಗಿಯವನು, ಹೆಸರು ಮೆಹಬೂಬ. ಅಕ್ಕೋರ ಬಾಯಲ್ಲಿ ಮೈಬೂಬ. ನಮ್ಮಪ್ಪ ಸಿಂದಗಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಬಾಗೇವಾಡಿಯಲ್ಲಿ ನಮ್ಮ ಖಾಲಾ, ಅಂದರೆ ತಾಯಿಯ ತಂಗಿ, ಇದ್ದರು, ಊಟಕ್ಕೆ ಚಿಂತೆಯಿಲ್ಲ ಎಂದು ಅಲ್ಲಿಗೆ ಓದಲು ಕಳಿಸಿದರು. ಹೀಗೆ ನಾನು ಅಕ್ಕೋರ ಕೈಗೆ ಬಿದ್ದೆ. ಬಿದ್ದವನು ಆಮೇಲೆ ಏಳಲೇ ಇಲ್ಲ.

ನಮ್ಮ ಸೀಮೆಯವರಿಗೆ ಸಮುದ್ರವೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮುದ್ದೇಬಿಹಾಳದ ಕಡೆಯವರು ಆಲಮಟ್ಟಿಯ ಹಿನ್ನೀರನ್ನು ನೋಡಿ ಬಂದು, "ಏನ್ ಸಮುದ್ರ ಆಗೇತಲೇ!" ಎಂದು ಊರ ತುಂಬ ಹೇಳುತ್ತಾರೆ. ಕೇಳಿದವರೂ ನಂಬುತ್ತಾರೆ. ಅಂಥ ಊರುಗಳ ಮಕ್ಕಳಿಗೆ ಅಕ್ಕೋರು ಕಪ್ಪು ಹಲಗೆಯ ಮೇಲೆ ಅಲೆಯ ಗೆರೆ ಎಳೆದು, ಕೆಳಗೆ ಹುಳುವಿನ ಬಿಲ ಬರೆದು, ಉಬ್ಬರ ಇಳಿತ ಹೇಳಿಕೊಡುತ್ತಿದ್ದರು. ನಮಗೆ ಅದು ಚಂದ್ರಲೋಕದ ಸುದ್ದಿಯಾಗಿತ್ತು. ಒಮ್ಮೆ ನಾನೇ ಎದ್ದು ನಿಂತು, ಅಷ್ಟೆಲ್ಲ ಜೀವಿಗಳಿರುವಾಗ ಹುಳವನ್ನೇ ಯಾಕೆ ಹಿಡಿದಿರಿ ಎಂದು ಕೇಳಿದೆ. "ನಾ ಏನ್ ಆರಿಸಿಕೊಂಡಿಲ್ಲೋ. ನಮ್ಮ ವರ್ಗದಾಗ ಒಬ್ಬಾಕಿ ಆಮಿ ತಗೊಂಡ್ಳು, ಒಬ್ಬಾಂವ ತಿಮಿಂಗಿಲ ತಗೊಂಡ, ಚಂದ ಇದ್ದವನ್ನೆಲ್ಲ ಯಾರ್ಯಾರೋ ಹಂಚಿಕೊಂಡ್ರು. ನಾ ಊರಿಂದ ಬರೂದು ತಡಾ ಆತು. ಹೋಗೂದ್ರಾಗ ಹುಳಾ ಉಳದಿತ್ತು," ಎಂದರು. ಹೇಳುವಾಗ ಮುಖದಲ್ಲಿ ಒಂಚೂರೂ ಬೇಸರವಿರಲಿಲ್ಲ.

ರಜೆ ಬಂತೆಂದರೆ ಅವರು ಕರಾವಳಿಗೆ ಹೊರಟರು ಎಂದೇ ಲೆಕ್ಕ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಿಂಬೆಹಣ್ಣು, ಜರಡಿ, ಬಾಟ್ಲಿಗಳು ಒಂದೇ ಚೀಲದಲ್ಲಿ. ಏಕಾದಶಿ ಬಂದರೆ ಬಾಯಿಗೆ ಹನಿ ನೀರು ಹಾಕದೆ ಇಡೀ ದಿನ ಕೆಸರು ಸೋಸುತ್ತಿದ್ದರು. ಕರಾವಳಿಯ ಅಡುಗೆಯವಳೊಬ್ಬಳು ಒಂದು ಚೂರಾದರೂ ಮೀನು ರುಚಿ ನೋಡಿ ಎಂದು ಬೆನ್ನು ಬಿದ್ದಾಗ, "ಇವನ್ನೆಲ್ಲಾ ನಾ ಹೆಸರಿಟ್ಟು ಕರ್ಯಾಕಿ ಅದೇನಿ ಯವ್ವಾ. ಕರದು ಮಾತಾಡ್ಸಿದ್ದನ್ನ ಹ್ಯಾಂಗ ತಿನ್ನಲಿ?" ಎಂದು ತಪ್ಪಿಸಿಕೊಂಡರು. ಇತ್ತ ಇಂಡಿಯಲ್ಲಿ ಅವರ ತಾಯಿ, ಮಗಳು ಏನೇನೋ ಮುಟ್ಟಿ ಬಂದಿದ್ದಾಳೆಂದು ಬಾವಿಯ ಕಟ್ಟೆಯಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದ ಮೇಲೆಯೇ ಒಳಗೆ ಬಿಡುತ್ತಿದ್ದರಂತೆ. ಮುಟ್ಟಿದ್ದು ಮೀನಲ್ಲ, ಹುಳ ಎಂದು ಮಗಳು ಸಮಾಧಾನ ಹೇಳಿದರೆ ಇನ್ನೂ ಎರಡು ಕೊಡ ಹೆಚ್ಚಿಗೆ ಬೀಳುತ್ತಿತ್ತಂತೆ.

ಹಾಗೊಂದು ರಜೆ ಮುಗಿಸಿ ಅವರು ಮರಳುವಾಗ ನಿಡಗುಂದಿಯಲ್ಲಿ ನಾನೂ ಅದೇ ಬಸ್ಸು ಹತ್ತಿದೆ. ಮುಂಜಾನೆಯ ಬಸ್ಸು, ತುಂಬಿ ತುಳುಕುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸಿನ ತುಂಬ ಘಮ್ಮೆಂದು ಸಾರಾಯಿಯಂಥ ವಾಸನೆ ಎದ್ದಿತು. ಕಂಡಕ್ಟರು ಚೀಟಿ ಹರಿಯುವುದನ್ನು ಬಿಟ್ಟು, "ಯಾರ್ರಿ ಅವ್ರು, ಮುಂಜ್ ಮುಂಜಾನೆ ಏರಿಸಿಕೊಂಡ್ ಬಂದವ್ರು?" ಎಂದು ಗುಡುಗಿದ. ಎಲ್ಲರೂ ತಿರುಗಿ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ದಪ್ಪ ಮೀಸೆಯವನೊಬ್ಬನನ್ನು ನೋಡಿದರು. ಆ ಮೀಸೆಯೇ ಅವನಿಗೆ ಮುಳುವಾಯಿತು. ಅವನು ದಡಬಡಿಸಿ ಎದ್ದು, "ಬೇಕಾದ್ರ ನನ್ನ ಬಾಯಿ ಮೂಸಿ ನೋಡ್ರಿ!" ಎಂದು ಒಬ್ಬೊಬ್ಬರ ಮುಂದೂ ಬಾಯಿ ತೆರೆಯುತ್ತ ಬಂದ. ಕಂಡಕ್ಟರು ಮೂಗನ್ನೇ ಮುಂದೆ ಮಾಡಿಕೊಂಡು ಸೀಟು ಸೀಟು ಹುಡುಕುತ್ತ ಕೊನೆಗೆ ಅಕ್ಕೋರ ಎದುರು ನಿಂತ. ಹಣೆಯಲ್ಲಿ ಅಕ್ಷತೆ, ಕತ್ತಿನಲ್ಲಿ ತುಳಸಿಮಣಿ. ಕಂಡಕ್ಟರು ದನಿ ತಗ್ಗಿಸಿದ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಚೀಲದಾಗ ಏನೈತ್ರಿ?"

"ಹುಳಾ ಅದಾವು."

"ಹುಳಾ?"

"ಹೂಂ. ಅವ ಕುಡದು ಮಲಗ್ಯಾವು. ನೋಡ್ತೀರೇನು?"

ಎಂದವರೇ ಸ್ಪಿರಿಟ್ ಸೋರುತ್ತಿದ್ದ ಬಾಟ್ಲಿಯನ್ನು ತೆಗೆದು ಅವನ ಕಣ್ಣಿಗೆ ಹಿಡಿದರು. ಒಳಗೆ ಬೆರಳಷ್ಟು ಉದ್ದದ ಉಸುಕಿನ ಕೊಳವೆ, ಅದರ ಬಾಯಿಂದ ಇಣುಕಿದ ಹುಳ. ಕೆಡದಿರಲಿ ಎಂದು ಸ್ಪಿರಿಟ್‌ನಲ್ಲಿ ಹಾಕಿಟ್ಟದ್ದು. ಅಕ್ಕೋರಿಗೆ ಅಷ್ಟೇ ಸಾಕಾಯಿತು. ಈ ಹುಳ ಉಸುಕಿನ ಕಾಳನ್ನು ಒಂದೊಂದಾಗಿ ಆರಿಸಿ, ಸರಿಬಾರದ್ದನ್ನು ಎಸೆದು, ಸರಿಬಂದದ್ದನ್ನು ತನ್ನ ಬಾಯಿಯ ಅಂಟಿನಿಂದ ಅಂಟಿಸಿ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ನಿಂತೇ ಪಾಠ ಶುರುಮಾಡಿದರು. ಮುಂದಿನ ಸೀಟಿನ ಮುದುಕಿಯೊಬ್ಬಳು, "ಮ್ಯಾಲ ಗಿಲಾವನೂ ಮಾಡತೈತೇನ್ರಿ?" ಎಂದು ಗೋಡೆಗೆ ಗಾರೆ ಮೆತ್ತುವಂತೆ ಕೈಯಾಡಿಸಿ ಕೇಳಿದಳು. "ಒಳಗಿನಿಂದ ಮಾಡತೈತವಾ, ಹೊರಗ ಮಾಡೂದಿಲ್ಲ," ಎಂದರು ಅಕ್ಕೋರು. ಬಾಟ್ಲಿ ಕೈಯಿಂದ ಕೈಗೆ ದಾಟಿತು. ಬಾಗೇವಾಡಿ ಬಂದರೂ ಒಬ್ಬರೂ ಇಳಿಯಲಿಲ್ಲ, ಡ್ರೈವರನೇ ಇಂಜಿನ್ ಬಂದ್ ಮಾಡಿ ಹಿಂದೆ ಬಂದು ನೋಡಿದ. ಮೀಸೆಯವನು ಮಾತ್ರ ಇಳಿಯುವಾಗಲೂ ಕಂಡಕ್ಟರನ ಜೊತೆ ಮಾತು ಬಿಟ್ಟಿದ್ದ.

ನಾನು ಡಿಗ್ರಿ ಮುಗಿಸಿ ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದನ್ನು ಕಲಿತೆ. ಅಷ್ಟರಲ್ಲಿ ಆ ಕರಾವಳಿಯ ದೊಡ್ಡ ಕೆಲಸ ಬಂತು. ಅಕ್ಕೋರು ಅಲ್ಲಿಗೆ ಹೋದವರು, "ಸಿಂದಗಿ ಹುಡುಗ ಒಬ್ಬ ಅದಾನ, ನಕಾಶಿ ಛಲೋ ಮಾಡ್ತಾನ, ಬಣ್ಣದ ಮನ್ಯಾಗ ಹುಟ್ಟ್ಯಾನ," ಎಂದು ನನ್ನನ್ನೂ ಎಳೆದುಕೊಂಡರು.

ಕೆಲಸ ಹೇಳಲು ಸುಲಭ. ದೇಶದ ಕರಾವಳಿಯನ್ನೆಲ್ಲ ನಕಾಶೆಯ ಮೇಲೆ ಚೌಕ ಚೌಕವಾಗಿ ಕತ್ತರಿಸುವುದು. ಒಂದೊಂದು ಚೌಕದಲ್ಲಿ ಯಾವ ಯಾವ ಜೀವಿಗಳಿವೆ ಎಂದು ಆಮೆಯವರು, ಹವಳದವರು, ಹಕ್ಕಿಯವರು, ಹುಳದವರು ಎಲ್ಲ ತಮ್ಮ ತಮ್ಮ ಮಾಹಿತಿ ಕೊಡುವುದು. ಅದನ್ನೆಲ್ಲ ಸೇರಿಸಿ ನಾನು ಬಣ್ಣ ತುಂಬುವುದು. ಜೀವಿಗಳು ಹೆಚ್ಚಿದ್ದಲ್ಲಿ ಕಡುನೀಲಿ, ಕಡಿಮೆ ಇದ್ದಲ್ಲಿ ತಿಳಿನೀಲಿ, ಏನೂ ಇಲ್ಲದ್ದು ಬಿಳಿ. ಕಡುನೀಲಿ ಚೌಕಗಳನ್ನು ಮೊದಲು ಕಾಪಾಡಿ ಎಂದು ಸರಕಾರಕ್ಕೆ ಹೇಳುವುದು. ಬಿಳಿ ಚೌಕದಲ್ಲಿ ಏನು ಕಟ್ಟಿದರೂ ಯಾರೂ ತಕರಾರು ಮಾಡುವಂತಿಲ್ಲ.

ತಂಡದ ಅಧ್ಯಕ್ಷರು ಡಾಲ್ಫಿನ್‌ಗಳನ್ನು ಅಭ್ಯಾಸ ಮಾಡಿದ ಮೈಸೂರು ಕಡೆಯವರು. ಮೆಲುಮಾತಿನ ಸಜ್ಜನರು, ಒಗೆದು ಇಸ್ತ್ರಿ ಮಾಡಿದ ಕನ್ನಡ. ಅವರು ಮತ್ತು ಅಕ್ಕೋರು ಮಾತಿಗೆ ನಿಂತರೆ ಒಂದೇ ಭಾಷೆಯವರು ಎಂದು ಹೊರಗಿನವರು ನಂಬುತ್ತಿರಲಿಲ್ಲ. ನಕಾಶೆ ಒಂದು ಹಂತಕ್ಕೆ ಬಂದು ಗೋಡೆಯ ಮೇಲೆ ಬೆಳಕಿನಲ್ಲಿ ಬಿದ್ದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರು ತಟ್ಟಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು.

"ಮೈಬೂಬಾ, ಈ ಬಿಳೇದು ಏನೋ?"

"ಅಲ್ಲೇನೂ ಇಲ್ರಿ ಅಕ್ಕೋರ."

"ಇಲ್ಲಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಆ ಚೌಕಕ್ಕ ಯಾರ ಮಾಹಿತೀನೂ ಬಂದಿಲ್ಲ. ಮಾಹಿತಿ ಇಲ್ಲಂದ್ರ ಸೊನ್ನಿ ಅಂತ ಹಿಡಿಯೂದು ಅಂತ ಎಲ್ಲಾರೂ ಠರಾವು ಮಾಡ್ಯಾರ್ರಿ."

"ಅಂದ್ರ ಯಾರೂ ಅಲ್ಲಿ ಹೋಗೇ ಇಲ್ಲ."

"ಹೌದ್ರಿ."

"ಹೋಗಲಾರದ ಮನ್ಯಾಗ ಮಂದಿ ಇಲ್ಲ ಅಂತ ಹ್ಯಾಂಗ ಬರೀತೀರಿ? ಇಲ್ಲ ಅನ್ನೂದು ಬ್ಯಾರೆ, ಗೊತ್ತಿಲ್ಲ ಅನ್ನೂದು ಬ್ಯಾರೆ. ಗೊತ್ತಿಲ್ಲದ್ದಕ್ಕ ಬ್ಯಾರೆ ಬಣ್ಣ ಕೊಡ್ರಿ."

ಅಧ್ಯಕ್ಷರು ನಗುತ್ತಲೇ ತಲೆಯಾಡಿಸಿದರು. "ಮೇಡಂ, ಬೇರೆ ಬಣ್ಣ ಕೊಟ್ಟರೆ ಅರ್ಧ ನಕ್ಷೆ ಅದೇ ಬಣ್ಣ ಆಗಿಬಿಡುತ್ತೆ. ನೋಡಿದವರು, ಇಷ್ಟು ಕಾಲ ಇವರೆಲ್ಲ ಕೂತು ಏನು ಮಾಡಿದ್ರು ಅಂತ ಕೇಳೋದಿಲ್ವೇ?"

"ಕೇಳ್ಲಿ ಬಿಡ್ರಿ. ಖರೇ ಇದ್ದದ್ದನ್ನ ಕೇಳ್ತಾರ. ನಾವು ಬಿಳಿ ಬಳದ್ರ ನಾಳೆ ಕಟ್ಟಾವ್ರು ಬಂದು ಮಣ್ಣು ಬಳೀತಾರ."

ಇದು ಬಾಯಿಮಾತಾಗಿರಲಿಲ್ಲ. ಕೊಂಕಣದ ಕಡೆ ಒಂದು ಕೋಡಿಯ ಬಾಯಿ ಇತ್ತು. ಸಣ್ಣ ಹೊಳೆ ಸಮುದ್ರ ಸೇರುವ ಜಾಗ, ನೋಡಿದಷ್ಟು ದೂರ ಬರೀ ಕೆಸರು. ಹವಳವಿಲ್ಲ, ಆಮೆ ಬರುವುದಿಲ್ಲ, ದೋಣಿ ದಡ ಮುಟ್ಟುವುದಿಲ್ಲ, ಹಾಗಾಗಿ ಯಾವ ತಜ್ಞನೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಕಾಶೆಯಲ್ಲಿ ಹಾಲಿನಷ್ಟು ಬೆಳ್ಳಗಿತ್ತು. ಅದಕ್ಕೆ ಮಣ್ಣು ತುಂಬಿ ಹಡಗುಕಟ್ಟೆ ಮಾಡುವ ಮಾತು ಆಗಲೇ ಎದ್ದಿತ್ತು. ಕೊನೆಗೆ ಅಧ್ಯಕ್ಷರು ಒಂದು ದಾರಿ ಹೇಳಿದರು. ವರದಿ ಅಚ್ಚಿಗೆ ಹೋಗುವುದು ಚಳಿಗಾಲಕ್ಕೆ. ಅಷ್ಟರೊಳಗೆ ಆ ಕೋಡಿಯ ಬಿಳಿ ತಪ್ಪೆಂದು ತೋರಿಸಿದರೆ ಎಲ್ಲ ಬಿಳಿ ಚೌಕಗಳ ಬಣ್ಣ ಬದಲಿಸೋಣ. ತೋರಿಸಲಾಗದಿದ್ದರೆ ನಕಾಶೆ ಇದ್ದಂತೆಯೇ ಹೋಗುತ್ತದೆ. ಅಕ್ಕೋರು ಒಪ್ಪಿಕೊಂಡು ಅಲ್ಲಿಯೇ ನಿಂಬೆಹಣ್ಣು ಮೂಸಿದರು.

ಬೇಸಿಗೆಯಲ್ಲಿ ಹೋದೆವು. ಮೊದಲ ಸಲ ನನಗೆ ಅಳುವಷ್ಟು ನಿರಾಶೆಯಾಯಿತು. ಮೇಲಿನ ಕೆಸರು ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಜರಡಿಯಲ್ಲಿ ಸತ್ತ ಚಿಪ್ಪುಗಳು ಮತ್ತು ಎಲ್ಲೋ ಒಂದೆರಡು ಎಳೆ ಹುಳ ಬಿಟ್ಟರೆ ಏನೂ ಉಳಿಯಲಿಲ್ಲ. ಒಂದೆರಡು ಹುಳಕ್ಕೆ ಯಾರು ಬಣ್ಣ ಬದಲಿಸುತ್ತಾರೆ, ಅಧ್ಯಕ್ಷರು ಹೇಳಿದ್ದೇ ಸರಿ ಎಂದು ನಾನು ಗೊಣಗಿದೆ. ಅಕ್ಕೋರು ನನ್ನನ್ನೇ ನೋಡಿದರು.

"ನೀ ಸಿಂದಗಿಯಾಂವ ಹೌದಲ್ಲೋ? ಯರಿ ಹೊಲ ನೋಡಾಕ ಹೋದ್ರ ಎಷ್ಟು ಸಲ ಹೋಗ್ತಾರ?"

ಇದು ನಮ್ಮ ಕಡೆಯ ಪದ್ಧತಿ. ಕಪ್ಪು ನೆಲವನ್ನು ಯರಿ ಎನ್ನುತ್ತೇವೆ. ಹೊಲ ಕೊಳ್ಳುವವರು ಬೇಸಿಗೆಯಲ್ಲೊಮ್ಮೆ ಹೋಗುತ್ತಾರೆ, ಮಳೆ ಬಿದ್ದ ಮೇಲೆ ಮತ್ತೊಮ್ಮೆ ಹೋಗುತ್ತಾರೆ. ಬೇಸಿಗೆಯಲ್ಲಿ ಯರಿ ಬಿರಿದು ಮೇಕೆಯ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಟ್ಟಿರುತ್ತದೆ, ನೋಡಿದವರಿಗೆ ಇದು ಸತ್ತ ನೆಲ ಅನ್ನಿಸಬೇಕು. ಅದೇ ನೆಲ ಮಳೆಯಾದ ಮೇಲೆ ಚಪ್ಪಲಿಯನ್ನೇ ಕಸಿದುಕೊಳ್ಳುತ್ತದೆ, ಹಿಂಗಾರಿಗೆ ಆಳೆತ್ತರ ಜೋಳ ಕೊಡುತ್ತದೆ. ಹೆಣ್ಣನ್ನು ಒಂದೇ ಸಲ ನೋಡಿ ಒಪ್ಪಿಬಿಡುವ ನಮ್ಮ ಹಿರಿಯರು ಹೊಲವನ್ನು ಮಾತ್ರ ಎರಡು ಸಲ ನೋಡದೆ ಹೂಂ ಅನ್ನುವುದಿಲ್ಲ. ಅಕ್ಕೋರು ಈ ಪದ್ಧತಿಯನ್ನು ಚೀಲದಲ್ಲಿಟ್ಟುಕೊಂಡು ಸಮುದ್ರಕ್ಕೆ ಬಂದಿದ್ದರು.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆವು. ದೋಣಿಯವ ಮರಾಠಿ ಬಲ್ಲವನು, ಅಕ್ಕೋರಿಗೂ ಅವನಿಗೂ ಮೊದಲ ಗಂಟೆಯಲ್ಲೇ ಜಗಳವಾಗುವಷ್ಟು ಸ್ನೇಹವಾಯಿತು. ನೀರು ಇಳಿದು ಕೆಸರು ಮಿರಮಿರ ಹೊಳೆಯುತ್ತಿತ್ತು. ದೋಣಿಯಿಂದ ಕೆಸರಿಗೆ ಹಾಸಿದ ಹಲಗೆಯ ಮೇಲೆಯೇ ಇರಿ, ಕೆಳಗೆ ಇಳಿಯಬೇಡಿ ಎಂದು ಅವನು ಹೇಳಿದ. ಅಕ್ಕೋರು ಬೂಟು ಕಳಚಿ, ಸೀರೆಯ ಕಚ್ಚೆ ಬಿಗಿದು ಇಳಿದೇಬಿಟ್ಟರು. ನಾನು ತಡೆಯಹೋದರೆ, "ನಾ ಯರ್ಯಾಗ ಹುಟ್ಟಿದಾಕಿ. ನನಗ ಕೆಸರು ಕಲಿಸ್ತೀಯೇನು?" ಎಂದರು.

ಸ್ವಲ್ಪ ದೂರ ಚೆನ್ನಾಗಿಯೇ ನಡೆದರು. ಮಳೆ ಬಿದ್ದ ಹೊಲದಲ್ಲಿ ನಾವು ನಡೆಯುವ ಹಾಗೆ, ಹಿಮ್ಮಡಿ ಮೊದಲು ಎತ್ತಿ, ಕಾಲು ತುಸು ತಿರುವಿ. ಅಲ್ಲಿ ಕೂತು ಜರಡಿಗೆ ಕೆಸರು ಮೊಗೆಯಲು ಶುರುಮಾಡಿದರು. ನಾವಿಬ್ಬರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಇತ್ತು. ನಮ್ಮ ಯರಿ ಎಷ್ಟೇ ಜಿಗುಟಾದರೂ ಕೆಳಗೆ ತಳವಿದೆ, ಮತ್ತು ಒಮ್ಮೆ ಇಂಗಿಹೋದ ನೀರು ಮುಂದಿನ ಮಳೆಯವರೆಗೆ ತಿರುಗಿ ಬರುವುದಿಲ್ಲ. ಇಲ್ಲಿ ತಳವಿರಲಿಲ್ಲ. ಹೋದ ನೀರು ಮಧ್ಯಾಹ್ನವೇ ತಿರುಗಿ ಬರುತ್ತಿತ್ತು. ಕಾಲೇಜಿನ ಕಪ್ಪು ಹಲಗೆಯ ಮೇಲೆ ಉಬ್ಬರ ಇಳಿತದ ಚಿತ್ರ ಬರೆದು ಬರೆದು ನಮಗೆಲ್ಲ ಕಲಿಸಿದ ಅಕ್ಕೋರು, ಕಾಲಿಗೆ ಕೆಸರು ಹತ್ತಿದ ಕೂಡಲೇ ಇಂಡಿಯ ಹೊಲದಲ್ಲಿ ನಿಂತವರಂತೆ ಅದನ್ನೆಲ್ಲ ಮರೆತುಬಿಟ್ಟಿದ್ದರು. ನಾನೂ ಸಿಂದಗಿಯವನೇ, ಮರೆತಿದ್ದೆ.

ದೋಣಿಯವ ಕೂಗಿದಾಗ ನೋಡಿದರೆ ಅಕ್ಕೋರು ಸೊಂಟದವರೆಗೆ ಹೂತಿದ್ದರು. ನೀರಿನ ತೆಳುವಾದ ಅಂಚು ಸದ್ದಿಲ್ಲದೆ ಕೆಸರಿನ ಮೇಲೆ ಹರಿದು ಬರುತ್ತಿತ್ತು. ಅಕ್ಕೋರು ನೋಡಿದರು, ಎಳೆದರು, ಕಾಲು ಬರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ಹೇಳಿದರೆ ಕಟ್ಟಿ ಹೇಳುತ್ತಿದ್ದಾನೆ ಅಂದುಕೊಳ್ಳುತ್ತೀರಿ. ಬಂದ ನೀರಿನಲ್ಲೇ ಜರಡಿ ಅದ್ದಿ ಅಲ್ಲಾಡಿಸತೊಡಗಿದರು.

"ಅಕ್ಕೋರ! ಏನ್ ಮಾಡಾಕತ್ತೀರಿ!"

"ಜರಡಿ ತೊಳ್ಯಾಕತ್ತೇನಿ. ನೀರು ಬಂದದ್ದು ಛಲೋನ ಆತು. ಒದರಬ್ಯಾಡ, ಹಲಗಿ ತಾ!"

ನಾನು ಹಲಗೆಯ ಮೇಲೆ ಬೋರಲು ಮಲಗಿ ತೆವಳಿಕೊಂಡು ಹೋದೆ, ಹಿಂದಿನಿಂದ ದೋಣಿಯವ ನನ್ನ ಕಾಲು ಹಿಡಿದಿದ್ದ. ನೀರು ಅವರ ಎದೆಗೆ ಬಂದಿತ್ತು. ಕೈ ಚಾಚಿದರೆ ಅವರು ನನ್ನ ಕೈ ಹಿಡಿಯಲಿಲ್ಲ. "ಮೊದಲ ಬಾಟ್ಲಿ ಹಿಡಿ! ನಾ ಎಲ್ಲಿ ಹೋಗ್ತೇನಿ?" ಎಂದು ಬಾಟ್ಲಿ ಕೊಟ್ಟರು. ಅದನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಅವರ ತೋಳು ಹಿಡಿದೆ. ನೀರು ಏರಿ ಕೆಸರು ಸಡಿಲಾದ ಮೇಲೆ ಒಂದು ಕಾಲು ಬಂತು, ಆಮೇಲೆ ಇನ್ನೊಂದು. ದೋಣಿಗೆ ಹಾಕಿಕೊಂಡ ಮೇಲೆ ದೋಣಿಯವ ಮರಾಠಿಯಲ್ಲಿ ಮನಸಾರೆ ಬೈದ. ಅಕ್ಕೋರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ವಾಂತಿ ಮಾಡಿಕೊಂಡರು, ಆಮೇಲೆ ಬಾಟ್ಲಿಯನ್ನು ಬಿಸಿಲಿಗೆ ಹಿಡಿದರು. ನನಗೆ ಅಳು ತಡೆಯಲಾಗಲಿಲ್ಲ, ಗೊಳೋ ಎಂದು ಅತ್ತುಬಿಟ್ಟೆ. "ಯಾಕ ಅಳ್ತೀಯೋ ಹುಚ್ಚಪ್ಪ, ಎಷ್ಟೊಂದು ಸಿಕ್ಕಾವು ನೋಡು," ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಹೆದರಿಕೆಯಿಂದಲೋ ಸಂತೋಷದಿಂದಲೋ ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ದಿನಗಳಲ್ಲಿ ಹಲಗೆ ಬಿಟ್ಟು ಇಳಿಯದೆ, ಉಬ್ಬರದ ಹೊತ್ತು ಕೇಳಿಕೊಂಡು ಇಡೀ ಕೋಡಿಯನ್ನು ಜರಡಿ ಹಿಡಿದೆವು. ಅಧ್ಯಕ್ಷರ ಮೇಜಿನ ಮೇಲೆ ಅಕ್ಕೋರು ಬಾಟ್ಲಿಗಳನ್ನು ಸಾಲಾಗಿ ಇಟ್ಟರು. ಅವುಗಳಲ್ಲಿ ಕೆಲವಕ್ಕೆ ಅಕ್ಕೋರ ಬಳಿಯೂ ಹೆಸರಿರಲಿಲ್ಲ. ಅಧ್ಯಕ್ಷರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವರು ದೊಡ್ಡ ಮನುಷ್ಯರು, ಸೋತದ್ದನ್ನು ಮುಚ್ಚಿಡುವವರಲ್ಲ. "ಬಣ್ಣ ಬದಲಿಸಿ ಮೆಹಬೂಬ್. ಯಾವುದು ಹಾಕ್ತೀರಿ?" ಎಂದು ಕೇಳಿದರು. ಬೂದು ಹಾಕೋಣ ಎಂದು ಯಾರೋ ಅಂದರು. "ಬೂದಿ ಬ್ಯಾಡ್ರಿ. ಕಣ್ಣಿಗೆ ಚುಚ್ಚೂ ಹಂಗ ಹಳದಿ ಹಾಕು," ಎಂದರು ಅಕ್ಕೋರು. ಹಾಕಿದೆ. ದೇಶದ ಕರಾವಳಿ ಕುಸುಬಿ ಹೂಬಿಟ್ಟ ಹೊಲದಂತಾಯಿತು. ಹಳದಿ ಚೌಕಗಳಲ್ಲಿ ಹೋಗಿ ನೋಡದೆ ಏನನ್ನೂ ಕಟ್ಟಕೂಡದು ಎಂಬ ಒಂದು ಸಾಲೂ ವರದಿಯಲ್ಲಿ ಸೇರಿತು. ಶಿಫಾರಸು ಶಿಫಾರಸೇ, ಬಲ್ಲೆ. ಆದರೂ ಆ ಕೋಡಿಯಲ್ಲಿ ಇಂದಿಗೂ ಹಡಗುಕಟ್ಟೆ ಬಂದಿಲ್ಲ.

ಅಚ್ಚಾದ ನಕಾಶೆಯನ್ನು ಸುತ್ತಿಕೊಂಡು ಇಂಡಿಗೆ ಹೋದೆ. ಅಷ್ಟರಲ್ಲಿ ಅಕ್ಕೋರ ಕಿಡ್ನಿ ಕೈಕೊಟ್ಟಿತ್ತು, ಅಣ್ಣ ಶ್ರೀಪಾದರಾಯರ ಮನೆಯಲ್ಲಿದ್ದರು. ಮುಖ ಊದಿಕೊಂಡಿತ್ತು, ಮಾತು ಮಾತ್ರ ಹಾಗೇ ಇತ್ತು. "ಬಾರೋ ಬಣ್ಣದ ಮನಿಯಾಂವ," ಎಂದು ಎದ್ದು ಕೂತರು. ನಕಾಶೆಯನ್ನು ಹಾಸಿಗೆಯ ಮೇಲೆ ಹರಡಿದೆ. ರಾಯರು ಕನ್ನಡಕ ಹಾಕಿಕೊಂಡು ಬಗ್ಗಿ, ತಂಗಿಯ ಹೆಸರು ಎಲ್ಲಿದೆ ಎಂದು ಹುಡುಕತೊಡಗಿದರು. ಅಕ್ಕೋರು ಹೆಸರಿನ ಗೊಡವೆಗೆ ಹೋಗಲಿಲ್ಲ. ಗುಜರಾತಿನಿಂದ ಬೆರಳಿಟ್ಟು ತಮಿಳುನಾಡು ಸುತ್ತಿ ಬಂಗಾಳದವರೆಗೆ ಒಂದೊಂದು ಹಳದಿಯನ್ನೂ ಮುಟ್ಟುತ್ತ ಹೋದರು.

"ಎಷ್ಟ್ ಉಳದೈತೋ ಮೈಬೂಬಾ!" ಎಂದರು. ಹಸಿದವರು ಬಡಿಸಿದ ಎಲೆ ನೋಡಿ ಆಡುವ ದನಿ. ಆಮೇಲೆ ಬೆರಳನ್ನು ನಕಾಶೆಯ ಮೇಲೆಯೇ ಇಟ್ಟುಕೊಂಡು ಹೇಳಿದರು: "ಇದರಾಗ ಒಂದರೆ ಖರೇನ ಬಿಳೇದು ಇರಬೇಕಲ್ಲೋ? ಎರಡು ಸಲ ಹೋಗಿ ನೋಡಿ, ಇಲ್ಲಿ ಏನೂ ಇಲ್ಲ ಅನ್ನೂ ಅಂಥಾದ್ದು? ನಾ ಇಷ್ಟು ವರ್ಷ ಕೈ ಹಾಕಿದಲ್ಲೆಲ್ಲಾ ಏನರೆ ಒಂದು ಹರದಾಡ್ತು. ಒಂದೂ ಬಿಳೇದು ನೋಡ್ಲಿಲ್ಲ ನಾ."

"ನಾ ಹುಡುಕಿ ತೋರಸ್ತೇನ್ರಿ ಅಕ್ಕೋರ," ಎಂದೆ. ಚೇಷ್ಟೆಗೆ ಅಂದದ್ದು. ಅವರು ನಕ್ಕರು. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಹಳದಿ ಚೌಕಗಳಿಗೆ ಹೋಗಿ ನೋಡಿ ಬರುವ ಕೆಲಸ ಈಗಲೂ ನಡೆದಿದೆ, ನಾನು ಅದರಲ್ಲೇ ಇದ್ದೇನೆ. ಈಚೆಗೆ ಒಂದು ಅಳಿವೆಗೆ ಹೋಗಿದ್ದೆವು. ಬೇಸಿಗೆಯಲ್ಲೊಮ್ಮೆ, ಮಳೆಯಾದ ಮೇಲೆ ಇನ್ನೊಮ್ಮೆ. ಮೇಲಿನ ಊರುಗಳ ಹೊಲಸೆಲ್ಲ ಹರಿದು ಬಂದು ಸೇರುವ ಜಾಗ, ಎರಡು ಸಲವೂ ಜರಡಿಯಲ್ಲಿ ಕಪ್ಪು ರಾಡಿಯಲ್ಲದೆ ಬೇರೇನೂ ಉಳಿಯಲಿಲ್ಲ. ಒಂದು ಎಳೆ ಹುಳವೂ ಇಲ್ಲ. ಹಿಂದೆ ಇಲ್ಲಿ ಬುಟ್ಟಿಗಟ್ಟಲೆ ಚಿಪ್ಪು ಸಿಗುತ್ತಿತ್ತು ಎಂದು ಊರವರು ಹೇಳಿದರು.

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಆ ಚೌಕದ ಹಳದಿ ಅಳಿಸಿ ಬಿಳಿ ತುಂಬಿದೆ. ಹೋಗಿ ನೋಡಿ ತುಂಬಿದ ಬಿಳಿ, ನನ್ನ ಕೈಯಲ್ಲಿ ಮೊದಲನೆಯದು. ಅಕ್ಕೋರು ಅಂಥದ್ದನ್ನು ಒಂದೂ ನೋಡದೆ ಹೋದರು. ಅಷ್ಟರ ಮಟ್ಟಿಗೆ ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದ. ನನಗೆ ಮಾತ್ರ ಆ ಹೊತ್ತಿನಲ್ಲಿ ಅವರು ಪಕ್ಕದಲ್ಲಿ ಬೇಕಾಗಿದ್ದರು.